ತಿಂಗಳಿಗೊಂದು ದಿನದ ಯಜಮಾನಿ

ನಮ್ಮ ಮಧುಗಿರಿ ವರ್ಷಕ್ಕೊಂದು ದಿನ ಜಿಲ್ಲೆಯಾಗುತ್ತದೆ. ಅದು ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ. ಮಿಕ್ಕ ದಿನಗಳಲ್ಲಿ ತುಮಕೂರು ಜಿಲ್ಲೆಯ ಒಂದು ಉಪವಿಭಾಗವಾಗಿ ತೆಪ್ಪಗಿರುವ ಊರು ಆ ಬೆಳಿಗ್ಗೆ ಮಾತ್ರ ಶಿರಾ, ಕೊರಟಗೆರೆ, ಪಾವಗಡಗಳನ್ನೂ ಜೊತೆಗೆ ಕಟ್ಟಿಕೊಂಡು ‘ಮಧುಗಿರಿ ಶೈಕ್ಷಣಿಕ ಜಿಲ್ಲೆ’ ಎಂಬ ಹೆಸರಿನಲ್ಲಿ ಟೀವಿಯ ಪಟ್ಟಿಗೆ ಬರುತ್ತದೆ. ಎಷ್ಟನೇ ಸ್ಥಾನ ಎಂಬುದು ಆಮೇಲಿನ ಮಾತು. ತುಮಕೂರಿಗೆ ಒಂದು ಸಾಲು, ನಮಗೆ ಒಂದು ಸಾಲು ಅಂತ ಬೇರೆ ಬೇರೆ ಬರೆದಿದ್ದರೆ ಅಷ್ಟು ಸಾಕು. ಗಣಿತದ ಟ್ಯೂಷನ್ ಹೇಳಿಕೊಂಡು ಬದುಕಿರುವ ನನಗೆ ಆ ದಿನದ ಮೇಲೆ ತುಸು ಹೆಚ್ಚೇ ಮಮತೆ.

ಊರಿಗೆ ವರ್ಷಕ್ಕೊಮ್ಮೆ ಸಿಗುವ ಈ ದೊಡ್ಡಸ್ತಿಕೆ ನನಗೆ ತಿಂಗಳಿಗೊಮ್ಮೆ ಸಿಗುತ್ತದೆ. ಒಂದನೇ ತಾರೀಖು ಸ್ನಾನ ಮುಗಿಸಿ, ತಲೆ ಬಾಚಿಸಿಕೊಂಡು, ದಿಂಬಿನ ಕೆಳಗಿನ ಕವರು ತೆಗೆದು, ನೋಟು ಎಣಿಸಿ, ನನ್ನ ಆರೈಕೆಗೆ ಬರುವ ಹೆಂಗಸಿನ ಕೈಗೆ ಇಡುತ್ತೇನಲ್ಲ, ಅಷ್ಟು ಹೊತ್ತು ನಾನು ಯಜಮಾನಿ. ಮಿಕ್ಕಂತೆ ಎಬ್ಬಿಸುವವಳು, ಕೂರಿಸುವವಳು, ನೀರು ಹುಯ್ಯುವವಳು, ‘ಇನ್ನೊಂಚೂರು ಇತ್ಲಾಗೆ ಸರ್ಕಳ್ಳಿ’ ಎಂದು ಗದರುವವಳು ಅವಳೇ. ಹಾಗಾಗಿ ನೋಟುಗಳನ್ನು ನಾನು ಬಹಳ ನಿಧಾನವಾಗಿ ಎಣಿಸುತ್ತೇನೆ. ಲೆಕ್ಕದ ಮೇಡಂ ಇಷ್ಟು ಹೊತ್ತು ತಗೊಳ್ಳುತ್ತಾರಲ್ಲ ಅಂತ ಅವಳಿಗೆ ಆಶ್ಚರ್ಯ.

ನನಗೆ ಬಂದದ್ದು ಪೋಲಿಯೊ. ಈಗಿನ ಮಕ್ಕಳಿಗೆ ಹೇಳಿದರೆ ಸಿಡುಬು, ಪ್ಲೇಗು ಅಂದಷ್ಟೇ ಹಳೆಯದಾಗಿ ಕೇಳಿಸುತ್ತದೆ. ಭಾರತವೂ ಸೇರಿದ ಆಗ್ನೇಯ ಏಷ್ಯಾ ಪ್ರದೇಶ ಪೋಲಿಯೊಮುಕ್ತ ಎಂದು 2014ರ ಮಾರ್ಚ್ 27ರಂದು ವಿಶ್ವ ಆರೋಗ್ಯ ಸಂಸ್ಥೆ ಪ್ರಮಾಣಪತ್ರ ಕೊಟ್ಟಿತು. ಪೇಪರಿನಲ್ಲಿ ಓದಿ ನನಗೂ ಸಂತೋಷವಾಯಿತು. ಪೋಲಿಯೊ ಹೋಯಿತು, ಪೋಲಿಯೊದವರು ಉಳಿದೆವು. ಎರಡು ಕಾಲು ಮತ್ತು ಎಡಗೈಯ ಅರ್ಧ ಶಕ್ತಿ ಇಲ್ಲದೆಯೂ ನಡು ವಯಸ್ಸಿನವರೆಗೆ ನಾನು ಮನೆಯೊಳಗೆ ಕೂತೇ ಸರಿದುಕೊಂಡು ನನ್ನ ಕೆಲಸ ನಾನು ಮಾಡಿಕೊಳ್ಳುತ್ತಿದ್ದೆ. ಸರಿಯುವುದೆಂದರೆ ಮೈಯ ಭಾರವನ್ನೆಲ್ಲ ಭುಜ ಹೊರುವುದು. ಕಾಲು ಮಾಡಬೇಕಾದ ಕೆಲಸವನ್ನು ಭುಜದಿಂದ ಮಾಡಿಸಿದರೆ ಒಂದು ದಿನ ಭುಜವೂ ಕೈಯೆತ್ತುತ್ತದೆ. ನನ್ನ ಭುಜಕ್ಕೆ ಕೈಯೆತ್ತಲಿಕ್ಕೂ ಆಗಲಿಲ್ಲ. ಸುಮ್ಮನೆ ನಿಂತಿತು.

ಅಮ್ಮ ಇದ್ದಷ್ಟು ದಿನ ಇದು ಯಾವುದಕ್ಕೂ ಲೆಕ್ಕವಿರಲಿಲ್ಲ. ಪಾವಗಡ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಅವಳು ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಸ್ಕೂಲಿಗೆ ಬಿಟ್ಟು, ಹಾಗೇ ಕಡಲೆಕಾಯಿ ಹೊಲಕ್ಕೆ ಹೋಗಿ, ಬರುವಾಗ ಒಂದು ಸೊಂಟಕ್ಕೆ ನನ್ನನ್ನೂ ತಲೆಗೆ ಸೊಪ್ಪಿನ ಹೊರೆಯನ್ನೂ ಏರಿಸಿಕೊಂಡು ಬರುತ್ತಿದ್ದಳು. ಅಂಗವಿಕಲರ ಮಾಸಾಶನ ಆಗ ಮನಿಯಾರ್ಡರಿನಲ್ಲಿ ಬರುತ್ತಿತ್ತು. ಪೋಸ್ಟ್‌ಮನ್‌ಗೆ ಅಮ್ಮ ಮಜ್ಜಿಗೆ ಕೊಡುವಳು, ನಾನು ಹೆಬ್ಬೆಟ್ಟಿನ ಬದಲು ಇಂಗ್ಲಿಷಿನಲ್ಲಿ ಸಹಿ ಹಾಕಿ ಅವನ ಮುಖ ನೋಡುವೆ. ದುಡ್ಡು ಅಮ್ಮನ ಸೆರಗಿನ ಗಂಟಿಗೆ ಹೋಗುತ್ತಿತ್ತು. ಅದು ನನ್ನ ದುಡ್ಡು, ಆ ಗಂಟು ಅವಳ ಕೂಲಿ ಎಂಬ ಯೋಚನೆ ನಮ್ಮಿಬ್ಬರಿಗೂ ಬಂದಿರಲಿಲ್ಲ. ಈಗ ಯಾವಾಗಲಾದರೂ ನಿದ್ದೆ ಬರದ ರಾತ್ರಿ ಅಮ್ಮನಿಗೆ ಕೊಡಬೇಕಾಗಿದ್ದ ಸಂಬಳದ ಲೆಕ್ಕ ಹಾಕಲು ಕೂರುತ್ತೇನೆ. ದಿನಗೂಲಿ ಎಷ್ಟು ಹಿಡಿಯುವುದು, ಓವರ್‌ಟೈಮು ಎಲ್ಲಿಂದ ಶುರು ಅನ್ನುವಲ್ಲೇ ಲೆಕ್ಕ ನಿಲ್ಲುತ್ತದೆ.

ಅಮ್ಮ ಹೋದ ಮೇಲೆ ಮಧುಗಿರಿಗೆ, ಅಣ್ಣನ ಮನೆಯ ಮುಂದಿನ ರೂಮಿಗೆ ಬಂದೆ. ಅಂದರೆ ಅತ್ತಿಗೆಯ ಕೈಗೆ ಬಂದೆ. ಅತ್ತಿಗೆ ಕೆಟ್ಟವಳಾಗಿದ್ದರೆ ಈ ಪ್ರಬಂಧ ಬರೆಯುವುದು ಸುಲಭವಾಗುತ್ತಿತ್ತು. ಅವಳು ಒಳ್ಳೆಯವಳು, ತೊಂದರೆಯೇ ಅದು. ಒಳ್ಳೆಯವರ ಸೇವೆ ಮಾಡಿಸಿಕೊಳ್ಳುವ ಕಷ್ಟ ಮಾಡಿಸಿಕೊಂಡವರಿಗೇ ಗೊತ್ತು. ನೀರು ಸುಟ್ಟರೂ ‘ಹದವಾಗಿದೆ’ ಅನ್ನಬೇಕು. ಜಡೆ ಬಿಗಿಯಾಗಿ ಕಣ್ಣು ಮೇಲಕ್ಕೆ ಹೋದರೂ ‘ಚೆನ್ನಾಗಿದೆ’ ಅನ್ನಬೇಕು. ಮಾತುಮಾತಿಗೆ ಥ್ಯಾಂಕ್ಸ್ ಹೇಳುವುದು ನಮ್ಮ ಕಡೆಯ ಅಭ್ಯಾಸವಲ್ಲ. ಅದರ ಬದಲು ಮುಖವನ್ನೇ ದಿನವಿಡೀ ಥ್ಯಾಂಕ್ಸ್ ಮಾಡಿಟ್ಟುಕೊಂಡಿರಬೇಕು. ಸಂಜೆಯಾಗುವಷ್ಟರಲ್ಲಿ ಕೆನ್ನೆ ನೋಯುತ್ತದೆ.

ಇನ್ನೊಂದು ಸಂಗತಿ, ಹೇಳಲು ಸಂಕೋಚ, ಆದರೆ ಹೇಳದಿದ್ದರೆ ಮಿಕ್ಕದ್ದು ಅರ್ಥವಾಗುವುದಿಲ್ಲ. ಮಧ್ಯಾಹ್ನ ಮೂರರ ಮೇಲೆ ನಾನು ನೀರು ಕುಡಿಯುತ್ತಿರಲಿಲ್ಲ. ಕುಡಿದರೆ ಬಚ್ಚಲಿಗೆ ಹೋಗಬೇಕು, ಹೋಗಬೇಕೆಂದರೆ ಕರೆಯಬೇಕು, ಕರೆದರೆ ಅತ್ತಿಗೆ ತಟ್ಟುತ್ತಿದ್ದ ರೊಟ್ಟಿ ಬಿಟ್ಟು ಕೈ ತೊಳೆದು ಬರಬೇಕು. ಅವಳು ಬರುತ್ತಿದ್ದಳು, ಮುಖ ಸಿಂಡರಿಸದೆ ಬರುತ್ತಿದ್ದಳು. ಹಿಂದಿನಿಂದ ಹಂಚಿನ ಮೇಲೆ ರೊಟ್ಟಿ ಸೀದ ವಾಸನೆಯೂ ಬರುತ್ತಿತ್ತು. ನಿಮಗೆ ಮೂತ್ರಕೋಶದ ಸೋಂಕು ಯಾಕೆ ಪದೇ ಪದೇ ಬರುತ್ತದೆ ಎಂದು ಡಾಕ್ಟರು ಕೇಳಿದಾಗ ನಾನು ‘ಬಿಸಿಲು ಜಾಸ್ತಿ ಡಾಕ್ಟ್ರೇ’ ಅಂದೆ. ರೊಟ್ಟಿಯ ವಿಷಯ ಅವರಿಗೆ ಹೇಳಿ ಏನು ಪ್ರಯೋಜನ?

ಹೀಗಿರುವಾಗ ನನ್ನ ಬದುಕಿಗೆ ಸೂರ್ಯ ಬಂದ. ಮಹಾಭಾರತದ ಕುಂತಿಗೆ ಬಂದ ಹಾಗಲ್ಲ. ಗುತ್ತಿಗೆ ಕರಾರು ಹಿಡಿದುಕೊಂಡು ಬಂದ. ಪಾವಗಡದ ನಾಗಲಮಡಿಕೆ ಹೋಬಳಿಯ ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಸುತ್ತಿನ ಸುಮಾರು 13,000 ಎಕರೆಯಲ್ಲಿ ಸೋಲಾರ್ ಪಾರ್ಕು ಎದ್ದದ್ದು ನಿಮಗೆ ಗೊತ್ತಿರಬೇಕು. 2018ರ ಮಾರ್ಚ್ 1ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಉದ್ಘಾಟಿಸಿದರು. ಪೂರ್ತಿಯಾದಾಗ ಅದರ ಸಾಮರ್ಥ್ಯ 2,050 ಮೆಗಾವಾಟ್. ಜಮೀನು ಕೊಂಡುಕೊಳ್ಳಲಿಲ್ಲ, ಗುತ್ತಿಗೆಗೆ ತೆಗೆದುಕೊಂಡರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡಾ 5ರ ಏರಿಕೆ, ಕರಾರು 28 ವರ್ಷದ್ದು. ಮಳೆಯನ್ನು ನಂಬಿ ಕಡಲೆಕಾಯಿ ಬಿತ್ತಿ ಆಕಾಶ ನೋಡಿಕೊಂಡಿದ್ದ ಸೀಮೆ ಅದು. ತಲೆಮಾರುಗಟ್ಟಲೆ ಬೈದುಕೊಂಡು ಬಂದ ಬಿಸಿಲೇ ಬಾಡಿಗೆ ಕೊಡತೊಡಗಿದ್ದನ್ನು ಹಿರಿಯರು ಮೊದಮೊದಲು ನಂಬಲಿಲ್ಲ. ಪಾವಗಡದ ಶನಿಮಹಾತ್ಮನ ತಂದೆ ಸೂರ್ಯನಲ್ಲವೆ, ಮಗ ಇಷ್ಟು ವರ್ಷ ಕಾಡಿದ್ದಕ್ಕೆ ಅಪ್ಪ ಪರಿಹಾರ ಕೊಡುತ್ತಿದ್ದಾನೆ ಎಂದು ನಮ್ಮ ಸೋದರಮಾವ ತೀರ್ಪು ಕೊಟ್ಟ ಮೇಲೆ ಸಮಾಧಾನವಾಯಿತು.

ನಮ್ಮ ಹೊಲವೂ ಗುತ್ತಿಗೆಗೆ ಹೋಯಿತು. ಪಹಣಿಯಲ್ಲಿ ನನ್ನ ಹೆಸರಿಲ್ಲ. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಎಂದು ಕರ್ನಾಟಕ 1994ರಲ್ಲೇ ಕಾನೂನು ಮಾಡಿದ್ದನ್ನು ಟ್ಯೂಷನ್ ಮಕ್ಕಳಿಗೆ ಒತ್ತಿ ಒತ್ತಿ ಹೇಳುತ್ತೇನೆ. ಮನೆಯಲ್ಲಿ ಒತ್ತಿ ಹೇಳುವ ಧೈರ್ಯ ಬರುವ ಮೊದಲೇ ಅಣ್ಣ, ‘ಎರಡೆಕರೆ ಗುತ್ತಿಗೆ ನಿಂದು ಕಣೆ’ ಅಂದುಬಿಟ್ಟ. ಅವತ್ತು ರಾತ್ರಿ ಕಾಗದದ ಮೇಲೆ ಗುಣಿಸಿದೆ, ಭಾಗಿಸಿದೆ. ತಿಂಗಳಿಗೆ 3,500. ಶೇಕಡಾ 75ಕ್ಕಿಂತ ಹೆಚ್ಚು ವೈಕಲ್ಯವೆಂದು ಸರ್ಕಾರ ನನಗೆ ಕೊಡುವುದು 1,400. ಒಬ್ಬಳು ಹೆಂಗಸು ಬೆಳಿಗ್ಗೆ ಬಂದು ಸಂಜೆಯವರೆಗೆ ನನ್ನೊಬ್ಬಳನ್ನೇ ನೋಡಿಕೊಳ್ಳಲು ಊರಿನಲ್ಲಿ ಕೇಳುತ್ತಿದ್ದದ್ದು 7,000. ಹೀಗೆ ನನ್ನ ಆರೈಕೆಯ ಅರ್ಧ ಖರ್ಚು ಸೂರ್ಯನದು, ಕಾಲುಭಾಗಕ್ಕಿಂತ ಕಡಿಮೆ ಸರ್ಕಾರದ್ದು, ಮಿಕ್ಕಿದ್ದು ತ್ರಿಕೋನಮಿತಿಯದು.

ಆಳು ಇಡುತ್ತೇನೆ ಎಂದಾಗ ಅತ್ತಿಗೆ ಅತ್ತಳು. ‘ನಾನೇನು ಕಮ್ಮಿ ಮಾಡಿದ್ದೆ?’ ಅಂದಳು. ಬೀದಿಯವರು, ‘ಮನೇಲಿ ಹೆಣ್ಣುಮಕ್ಕಳಿಟ್ಕೊಂಡು ಯಾರಿಗೋ ದುಡ್ಡು ಸುರೀತಾರಲ್ಲ’ ಅಂದರು. ಕಮ್ಮಿ ಮಾಡಿದ್ದಕ್ಕಲ್ಲ, ಜಾಸ್ತಿ ಮಾಡಿದ್ದಕ್ಕೇ ಆಳು ಬೇಕಾದದ್ದು ಎಂದು ವಿವರಿಸುವ ಭಾಷೆ ನನ್ನಲ್ಲಿರಲಿಲ್ಲ. ‘ನಿನ್ನ ಸೊಂಟ ನೋವಿಗೆ ಕಣೆ’ ಅಂತ ಸುಳ್ಳು ಹೇಳಿದೆ. ಸುಳ್ಳೂ ಅಲ್ಲ, ನನ್ನನ್ನು ಎತ್ತಿ ಎತ್ತಿ ಅವಳ ಸೊಂಟವೂ ಹೋಗಿತ್ತು.

ಆಮೇಲೆ ಬಂದವರ ಚರಿತ್ರೆ ದೊಡ್ಡದು, ಚಿಕ್ಕದಾಗಿ ಹೇಳುತ್ತೇನೆ. ಮೊದಲನೆಯವಳು ಕೊರಟಗೆರೆ ಕಡೆಯವಳು, ಭಕ್ತೆ. ಶುಕ್ರವಾರ ಬಂದರೆ ಗೊರವನಹಳ್ಳಿ ಮಹಾಲಕ್ಷ್ಮಿಗೆ ಹೋಗಲೇಬೇಕು. ನನ್ನ ಸ್ನಾನ ಶನಿವಾರಕ್ಕೆ. ಲಕ್ಷ್ಮಿ ಬೇಗ ಒಲಿದಳು: ವಸಂತನರಸಾಪುರದ ಒಂದು ಕಾರ್ಖಾನೆಯಲ್ಲಿ ಅವಳಿಗೆ ಕೆಲಸ, ಊರ ಬಾಗಿಲಿಗೇ ಬಸ್ಸು, ಪಿ.ಎಫ್., ಭಾನುವಾರ ರಜೆ. ಇದರಲ್ಲಿ ಒಂದನ್ನೂ ಕೊಡಲಾರದ ನಾನು ಅವಳಿಗೆ ಅರಿಸಿನ ಕುಂಕುಮ ಕೊಟ್ಟು ಕಳಿಸಿದೆ. ಎರಡನೆಯವಳು ಶಿರಾದಿಂದ ಇಲ್ಲಿಗೆ ಮದುವೆಯಾಗಿ ಬಂದವಳು. ಶಿರಾ ಒಂದು ಕಾಲಕ್ಕೆ ಮೊಗಲರ ಸುಬಾದ ರಾಜಧಾನಿಯಾಗಿತ್ತೆಂದು ಓದಿದ್ದೆ. ಆ ಆಡಳಿತ ಇನ್ನೂ ಮುಗಿದಿಲ್ಲ ಎಂಬುದು ಅವಳು ಬಂದ ಮೇಲೆ ಗೊತ್ತಾಯಿತು. ಯಾವ ನೈಟಿ, ಎಷ್ಟು ಹೊತ್ತಿಗೆ ಕಾಫಿ, ಟೀವಿಯಲ್ಲಿ ಯಾವ ಧಾರಾವಾಹಿ ಎಲ್ಲವೂ ಫರ್ಮಾನು. ಅವಳಿದ್ದಷ್ಟು ದಿನ ನಾನು ಕಪ್ಪ ಕೊಡುವ ಪಾಳೇಗಾರಳಾಗಿದ್ದೆ. ಮಗಳ ಬಾಣಂತನಕ್ಕೆಂದು ಹೋದವಳು ಬರಲಿಲ್ಲ. ಅಲ್ಲಿ ಹಗಲು ರಾತ್ರಿ ದುಡಿತ, ಸಂಬಳವಿಲ್ಲ, ರಜೆಯಿಲ್ಲ. ಆದರೂ ಸಂಭ್ರಮದಿಂದ ಓಡಿದಳು. ನನಗೆ ಅಮ್ಮ ನೆನಪಾದಳು.

ಮೂರನೆಯವಳು ನಮ್ಮೂರಿನವಳೇ. ಕೆಲಸ ಚೊಕ್ಕ, ಕೈ ಮೆತ್ತಗೆ, ಬಾಯಿ ಮಾತ್ರ ಊರಿಗೆಲ್ಲ. ಒಂದು ದಿನ ಸೊಪ್ಪು ಮಾರುವವಳು ಕಿಟಕಿಯಿಂದ ಇಣುಕಿ, ‘ಬೆನ್ನ ಕೆಳಗಿನ ಹುಣ್ಣು ಮಾದ್ತಾ ಮೇಡಂ?’ ಅಂತ ಕೇಳಿದಳು. ಕಾಳಜಿಯಿಂದಲೇ ಕೇಳಿದ್ದು. ಇಡೀ ಬೀದಿಗೆ ನನ್ನ ಬೆನ್ನಿನ ವರದಿ ದಿನಾ ಹೋಗುತ್ತಿದೆ ಎಂದು ಆಗ ತಿಳಿಯಿತು. ಬೇರೆಯವರ ಕೈಯಲ್ಲಿ ಬಟ್ಟೆ ಬಿಚ್ಚಿಸಿಕೊಳ್ಳುವುದು ನನಗೆ ಎಷ್ಟೋ ವರ್ಷದಿಂದ ಅಭ್ಯಾಸ, ಅದರಲ್ಲಿ ನಾಚಿಕೆ ಉಳಿದಿಲ್ಲ. ಆದರೆ ಬಚ್ಚಲಲ್ಲಿ ಕಂಡದ್ದು ಬಚ್ಚಲಲ್ಲೇ ಇರಬೇಕು ಎಂಬ ಷರತ್ತನ್ನು ಅತ್ತಿಗೆಗೆ ಹೇಳುವ ಅಗತ್ಯವೇ ಬಿದ್ದಿರಲಿಲ್ಲ. ದುಡ್ಡು ಕೊಟ್ಟು ಕೊಳ್ಳುವ ಆರೈಕೆಯಲ್ಲಿ ಇಂಥದ್ದನ್ನೆಲ್ಲ ಬಾಯಿಬಿಟ್ಟು ಹೇಳಬೇಕು ಎಂದು ಅವಳಿಂದ ಕಲಿತೆ.

ಈ ನಡುವೆ ಇಂಗ್ಲೆಂಡಿನಿಂದ ಫೋನು ಬರತೊಡಗಿತು. ಸೈನು, ಕಾಸು, ಟ್ಯಾನು ಎಂದರೆ ಅಳುತ್ತಿದ್ದ ನನ್ನ ಹಳೆಯ ವಿದ್ಯಾರ್ಥಿನಿ ಈಗ ಅಲ್ಲಿ ಕೇರ್ ವರ್ಕರ್. ಅಂದರೆ ನನ್ನ ಮನೆಯಲ್ಲಿ ಆಗುವ ಕೆಲಸವನ್ನೇ ಅಲ್ಲಿ ಪೌಂಡಿಗೆ ಮಾಡುತ್ತಾಳೆ. ‘ಮಿಸ್, ನೀವು ಮಾಡ್ತಿರೋದಕ್ಕೆ ಇಲ್ಲಿ ಡೈರೆಕ್ಟ್ ಪೇಮೆಂಟ್ ಅಂತಾರೆ’ ಅಂದಳು. ಅಲ್ಲಿ 1996ರಲ್ಲಿ ಅದಕ್ಕೊಂದು ಕಾನೂನೇ ಆಗಿದೆಯಂತೆ. ಊರಿನ ಕೌನ್ಸಿಲ್ಲು ನಿಮಗೆ ಎಷ್ಟು ಆರೈಕೆ ಬೇಕೆಂದು ಅಳೆದು, ಆಳನ್ನು ಕಳಿಸುವ ಬದಲು ದುಡ್ಡನ್ನೇ ನಿಮ್ಮ ಖಾತೆಗೆ ಹಾಕುತ್ತದೆ. ನಿಮಗೆ ಬೇಕಾದವರನ್ನು ನೀವೇ ಆರಿಸಿ, ನೀವೇ ಕಲಿಸಿ, ಬೇಡವಾದರೆ ನೀವೇ ಬಿಡಿಸಬಹುದು. ಕೇಳಿ ಬಾಯಲ್ಲಿ ನೀರೂರಿತು. ಆಮೇಲೆ ಅವಳು ಮುಂದುವರಿಸಿದಳು: ಅದಕ್ಕೆ ಬೇರೆ ಬ್ಯಾಂಕ್ ಖಾತೆ, ಕೆಲಸದ ಗಂಟೆಗಳ ಪಟ್ಟಿ, ಸಂಬಳದ ಚೀಟಿ, ಆಳಿಗೆ ವಿಮೆ, ವರ್ಷಕ್ಕೆ 28 ದಿನ ಸಂಬಳಸಹಿತ ರಜೆ, ಪೈಸೆ ಪೈಸೆಗೂ ಕೌನ್ಸಿಲ್ಲಿಗೆ ಲೆಕ್ಕ. ಊರಿದ ನೀರು ಒಣಗಿತು. ನನ್ನ ಲೆಕ್ಕದ ಪುಸ್ತಕವೆಂದರೆ ಗೋಡೆಯ ಮೇಲಿನ ಕ್ಯಾಲೆಂಡರು. ರಜಾ ಹಾಕಿದ ದಿನಕ್ಕೆ ಒಂದು ಸೊನ್ನೆ, ಅಡ್ವಾನ್ಸು ಕೊಟ್ಟ ದಿನಕ್ಕೆ ಒಂದು ಗೀಟು. ಸೊನ್ನೆಗೆ ಸಂಬಳ ಹಿಡಿಯುವ ಧೈರ್ಯ ಇವತ್ತಿನವರೆಗೂ ಬಂದಿಲ್ಲ.

ನನಗೆ ತಮಾಷೆಯೆನಿಸಿದ್ದು ಅಲ್ಲಿಯ ಇನ್ನೊಂದು ನಿಯಮ. ಒಂದೇ ಮನೆಯಲ್ಲಿ ವಾಸವಾಗಿರುವ ಹತ್ತಿರದ ನೆಂಟರಿಗೆ ಆ ದುಡ್ಡಿನಿಂದ ಸಾಮಾನ್ಯವಾಗಿ ಸಂಬಳ ಕೊಡುವಂತಿಲ್ಲ. ಅತ್ತಿಗೆಗೆ ಹೇಳಿದೆ. ಅವಳು ಅವರೆಕಾಯಿ ಬಿಡಿಸುತ್ತಿದ್ದವಳು ತಲೆಯೆತ್ತದೆ, ‘ಇಲ್ಲಿ ಕೊಡ್ತಾರಾ?’ ಅಂದಳು.

ಈ ಪದ್ಧತಿಯ ಬೇರು ಹುಡುಕಿದರೆ ಅಲ್ಲೂ ನಮ್ಮವನೇ ಒಬ್ಬ ಸಿಕ್ಕಿದ. ಅಮೆರಿಕದ ಎಡ್ ರಾಬರ್ಟ್ಸ್, ಹದಿನಾಲ್ಕನೇ ವಯಸ್ಸಿನಲ್ಲಿ ಪೋಲಿಯೊ ಬಂದು ಕುತ್ತಿಗೆಯ ಕೆಳಗೆ ಹೆಚ್ಚೇನೂ ಅಲ್ಲಾಡದೆ ಉಳಿದವನು. 1962ರಲ್ಲಿ ಬರ್ಕ್ಲಿಯ ವಿಶ್ವವಿದ್ಯಾಲಯಕ್ಕೆ ಓದಲು ಹೋದಾಗ ಅವನ ಉಸಿರಾಟದ ಕಬ್ಬಿಣದ ಪೆಟ್ಟಿಗೆಯ ಭಾರ ತಡೆಯುವ ಹಾಸ್ಟೆಲ್ ರೂಮು ಸಿಗದೆ ಕ್ಯಾಂಪಸ್ಸಿನ ಆಸ್ಪತ್ರೆಯಲ್ಲೇ ಇಟ್ಟುಕೊಂಡರಂತೆ. 1972ರಲ್ಲಿ ಅವನೂ ಗೆಳೆಯರೂ ಅಲ್ಲೇ ಒಂದು ಕೇಂದ್ರ ತೆರೆದರು. ಅವರ ವಾದ ಸರಳ: ನನ್ನ ಮೈಯನ್ನು ಹೇಗೆ ಎತ್ತಬೇಕೆಂದು ನನಗೆ ಗೊತ್ತು, ಆದ್ದರಿಂದ ಎತ್ತುವವರನ್ನು ಆರಿಸುವವನೂ ನಾನೇ. ಓದಿ ನಾನು ಒಬ್ಬಳೇ ಕೂತು ‘ಹೂಂ’ ಅಂದೆ.

ನಮ್ಮಲ್ಲೂ ಕಾನೂನಿಗೆ ಬರವಿಲ್ಲ. ಹೆಚ್ಚಿನ ನೆರವು ಬೇಕಾದ ಅಂಗವಿಕಲರಿಗೆ ಆರೈಕೆದಾರರ ಭತ್ಯೆ ಕೊಡಬೇಕೆಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 24ನೇ ಕಲಮು ಹೇಳುತ್ತದೆ, ಸರ್ಕಾರದ ಆರ್ಥಿಕ ಶಕ್ತಿಗೆ ಅನುಸಾರ ಎಂಬ ಬಾಲವನ್ನೂ ಸೇರಿಸಿ. ಕರ್ನಾಟಕ ತನ್ನ 2024-25ರ ಬಜೆಟ್ಟಿನಲ್ಲಿ ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್ಸ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರ ಆರೈಕೆದಾರರಿಗೆ ತಿಂಗಳಿಗೆ 1,000 ರೂಪಾಯಿ ಘೋಷಿಸಿತು. ಒಳ್ಳೆಯ ಕೆಲಸ, ಮೆಚ್ಚಬೇಕು. ಪೋಲಿಯೊ ಆ ಪಟ್ಟಿಯಲ್ಲಿಲ್ಲ. ದೇಶ ಬಿಟ್ಟುಹೋದ ಕಾಯಿಲೆಗೆ ಯಾರು ಭತ್ಯೆ ಕೊಡುತ್ತಾರೆ!

ಇರುವ 1,400 ಕೂಡ ಈಗ ಪೋಸ್ಟ್‌ಮನ್ ಕೈಯಲ್ಲಿ ಬರುವುದಿಲ್ಲ, ಆಧಾರ್ ಮೂಲಕ ನೇರ ಖಾತೆಗೆ ಬೀಳುತ್ತದೆ. ಬಿದ್ದರೆ ಮೊಬೈಲು ಟಿಣ್ ಅನ್ನುತ್ತದೆ. ಒಮ್ಮೆ ಕೆಲವು ತಿಂಗಳು ಟಿಣ್ ಅನ್ನಲಿಲ್ಲ. ವಿಚಾರಿಸಿದರೆ ‘ಎನ್‌ಪಿಸಿಐ ಮ್ಯಾಪಿಂಗ್ ಆಗಿಲ್ಲ’ ಅಂದರು. ಆಮೇಲೆ ಬೆರಳಚ್ಚು ಹತ್ತಲಿಲ್ಲ. ನೆಲ ಊರಿ ಊರಿ ಸರಿದ ಕೈ, ಗೆರೆಗಳೆಲ್ಲ ಸವೆದಿವೆ. ನಡೆಯಲಾರದ್ದಕ್ಕೆ ಕೊಡುವ ದುಡ್ಡನ್ನು, ನಡೆಯದೆ ಸವೆಸಿಕೊಂಡ ಕೈ ತಡೆಯಿತು. ಕೊನೆಗೆ ನಗರ ಪುನರ್ವಸತಿ ಕಾರ್ಯಕರ್ತ, ಅವನೂ ಊರುಗೋಲಿನವನೇ, ಓಡಾಡಿ ಸರಿಮಾಡಿಸಿಕೊಟ್ಟ. ಓಡಾಡಲು ಕಾಲಿರುವ ಯಾರೂ ಆ ಕೆಲಸಕ್ಕೆ ಸಿಕ್ಕಿರಲಿಲ್ಲ.

ಅಕ್ಕಪಕ್ಕದವರಿಗೆ ಅರ್ಜಿ ಬರೆದುಕೊಡುವುದೂ ನನ್ನ ಕೆಲಸ. ನಾಲ್ಕೂ ತಾಲ್ಲೂಕಿನ ತಂದೆತಾಯಿಗಳು ಮಕ್ಕಳ ಮೇಲೆ ಜೀವನಾಂಶದ ದೂರು ತರುವುದು ನಮ್ಮೂರಿನ ಉಪವಿಭಾಗಾಧಿಕಾರಿಯ ಮುಂದೆ. 2007ರ ಹಿರಿಯ ನಾಗರಿಕರ ಕಾಯ್ದೆಯ ಪ್ರಕಾರ ತಿಂಗಳಿಗೆ ಹೆಚ್ಚೆಂದರೆ 10,000 ರೂಪಾಯಿ. ಒಬ್ಬ ಮುದುಕರು ಅರ್ಜಿ ಬರೆಸಿ, ಪೂರ್ತಿ ಓದಿಸಿ ಕೇಳಿ, ಮಡಚಿ ಜೇಬಿಗಿಟ್ಟುಕೊಂಡು, ‘ದುಡ್ಡು ಅವನು ಈಗ್ಲೂ ಕಳಿಸ್ತಾನೆ ತಾಯಿ. ನೀರು ಹುಯ್ಯೋ ಜನ ಕಳ್ಸೋಕೆ ಯಾವ ಕಾನೂನಿದೆ ಬರಿ’ ಅಂದರು. ಬರೆಯಲು ನನಗೆ ಯಾವ ಕಲಮೂ ಸಿಗಲಿಲ್ಲ.

ಈಗಿರುವವಳು ನಾಲ್ಕನೆಯವಳು, ಪಾವಗಡದವಳು. ಗಂಡ ಇಲ್ಲಿ ಗಾರೆ ಕೆಲಸಕ್ಕೆ ಬಂದ, ಬೆಟ್ಟದ ತಪ್ಪಲಲ್ಲಿ ಒಂದು ರೂಮು ಮಾಡಿಕೊಂಡಿದ್ದಾರೆ. ಕನ್ನಡಕ್ಕೊಂದು ತೆಲುಗಿಗೊಂದು ಕಾಲಿಟ್ಟು ಮಾತಾಡುತ್ತಾಳೆ. ನಾನು ಬೀಳುತ್ತೇನೆಂದು ಚೀರಿದರೆ ‘ಏಮಿ ಕಾದಕ್ಕಾ, ನಾನು ಹಿಡ್ಕಂಡಿಲ್ವಾ’ ಅನ್ನುತ್ತಾಳೆ. ಶನಿವಾರ ತಲೆಗೆ ಎಣ್ಣೆ ಹಚ್ಚುವುದಿಲ್ಲ, ಕಪ್ಪು ನೈಟಿ ತೊಡಿಸುವುದಿಲ್ಲ. ಶನಿಮಹಾತ್ಮನ ಊರಿನವರ ಮುಂದೆ ವಾದ ಮಾಡಬಾರದು. ತಿಂಗಳಿಗೊಮ್ಮೆ ಅತ್ತೆಯನ್ನು ನೋಡಲು ಊರಿಗೆ ಹೋಗುತ್ತಾಳೆ. ಅತ್ತೆಗೆ ಬೆನ್ನು, ಮಂಡಿ ಎಲ್ಲ ಸೆಟೆದಿವೆ. ಫ್ಲೋರೈಡಿನ ನೀರು ಪಾವಗಡದಲ್ಲಿ ಎಷ್ಟು ಬೆನ್ನುಗಳನ್ನು ಬಗ್ಗಿಸಿದೆ ಎಂಬುದು ನಮ್ಮ ಸೀಮೆಯವರಿಗೆ ಹೇಳಬೇಕಾಗಿಲ್ಲ. ಬರುವಾಗ ಬಸ್‌ಸ್ಟಾಂಡಿನಲ್ಲಿ ಎದುರಿಗೆ ನಿಂತ ಪ್ರೈವೇಟ್ ಬಸ್ಸುಗಳನ್ನೆಲ್ಲ ಬಿಟ್ಟು, ಆಧಾರ್ ಕಾರ್ಡು ತೋರಿಸಿ ಹತ್ತುವ ಸರ್ಕಾರಿ ಬಸ್ಸಿಗೆ ಕಾಯುತ್ತಾಳೆ. ಶಕ್ತಿ ಯೋಜನೆ ಶುರುವಾದ 2023ರ ಜೂನಿನಿಂದ ಈ ರಾಜ್ಯದಲ್ಲಿ ಎಷ್ಟು ಸ್ನಾನಗಳು ತಡವಾಗಿವೆಯೋ ಯಾರೂ ಲೆಕ್ಕ ಇಟ್ಟಿಲ್ಲ.

ಅವಳಿಗೆ ಗೃಹಲಕ್ಷ್ಮಿಯ 2,000 ಬರುತ್ತದೆ. ನನಗೆ ಬರುವುದಿಲ್ಲ. ನಮ್ಮ ರೇಷನ್ ಕಾರ್ಡಿನ ಯಜಮಾನಿ ಅತ್ತಿಗೆ. ಒಂದು ದಿನ ಇಬ್ಬರ ಮೊಬೈಲೂ ಒಟ್ಟಿಗೇ ಟಿಣ್ ಅಂದವು. ‘ನಿಮ್ಗೆಷ್ಟಕ್ಕಾ?’ ಅಂದಳು. ಹೇಳಿದೆ. ನನ್ನನ್ನು ಒಂದು ಥರಾ ನೋಡಿ, ‘ಪಾಪ’ ಅಂದಳು. ಸಂಬಳ ತಗೊಳ್ಳುವವಳಿಂದ ಸಂಬಳ ಕೊಡುವವಳಿಗೆ ಬಂದ ಆ ‘ಪಾಪ’ವನ್ನು ನಾನು ಹಾಗೇ ಇಟ್ಟುಕೊಂಡಿದ್ದೇನೆ.

ಅವಳಿಂದ ನನಗಾದ ಮೊದಲ ಲಾಭ ಜಗಳ. ‘ನೀರು ಸುಡುತ್ತೆ ಕಣೇ’ ಎಂದು ಬಾಯಿಬಿಟ್ಟು ಕಿರುಚುವುದರಲ್ಲಿ ಎಷ್ಟು ಸುಖವಿದೆ! ಅವಳೂ ಬಿಡುವವಳಲ್ಲ, ‘ನಿನ್ನೆ ತಣ್ಣಗೈತೆ ಅಂದ್ರಿ, ಇವತ್ತು ಸುಡ್ತೈತೆ ಅಂತೀರಿ, ನಾನೇನು ನೀರಿನೊಳಗೆ ಕುಂತಿದ್ದೀನಾ?’ ಅನ್ನುತ್ತಾಳೆ. ಹತ್ತು ಗಂಟೆಗೆ ಜಗಳ, ಹತ್ತೂವರೆಗೆ ಕಾಫಿ. ಸಂಜೆ ನಾಲ್ಕಕ್ಕೆ ಇನ್ನೊಂದು ಕಾಫಿ, ಅದರ ಮೇಲೆ ಒಂದು ಲೋಟ ನೀರು, ಗಟಗಟ ಅಂತ. ಅವಳು ಹೋಗುವುದು ಆರಕ್ಕೆ. ಆಮೇಲೆ ನಾನು ಇವತ್ತಿಗೂ ನೀರು ಮುಟ್ಟುವುದಿಲ್ಲ. ರಾತ್ರಿಯ ಬಾಯಾರಿಕೆಗೆ ಸಾಲುವಷ್ಟು ಎಕರೆ ನಮ್ಮಲ್ಲಿಲ್ಲ.

ಅತ್ತಿಗೆಯೊಡನೆಯೂ ಒಂದು ಜಗಳವಾಯಿತು, ಅದೂ ಮೊದಲ ಸಲ. ಅವಳು ‘ಹೆಂಗೂ ಖಾಲಿ ಕೂತಿರ್ತಾಳಲ್ಲ’ ಎಂದು ತನ್ನ ಪಾತ್ರೆಗಳನ್ನು ನನ್ನವಳ ಕೈಲಿ ತೊಳೆಸಿದಳು. ಪಾವಗಡದವಳು ಸಂಜೆ ನನ್ನ ಮುಂದೆ ಮುಖ ಊದಿಸಿಕೊಂಡು ಕೂತಳು. ನಾನು ಅತ್ತಿಗೆಯನ್ನು ಕರೆದು, ಅವಳು ನನ್ನ ಮೈ ನೋಡಲು ಬಂದವಳು, ನಿನ್ನ ಪಾತ್ರೆ ನೋಡಲು ಅಲ್ಲ ಎಂದೆ. ಹೇಳುವಾಗ ನನ್ನ ಧ್ವನಿ ನನಗೇ ಹೊಸದಾಗಿ ಕೇಳಿಸಿತು. ಅತ್ತಿಗೆ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಬಂದು ನನ್ನ ಮಂಚದ ತುದಿಯಲ್ಲಿ ಸುಮ್ಮನೆ ಕೂತಳು. ಸೀರೆ, ಚಿನ್ನದ ರೇಟು, ದಂಡಿನ ಮಾರಮ್ಮನ ಜಾತ್ರೆ, ಅಣ್ಣನ ಗೊರಕೆ, ಎಲ್ಲ ಮಾತಾಡಿದೆವು. ಅವಳು ಎದ್ದುಹೋದ ಮೇಲೆ ಹೊಳೆಯಿತು: ಇಷ್ಟು ವರ್ಷದಲ್ಲಿ ಕೈಯಲ್ಲಿ ಟವೆಲ್ಲೋ ಚೊಂಬೋ ಇಲ್ಲದೆ ಅತ್ತಿಗೆ ನನ್ನ ಪಕ್ಕ ಕೂತದ್ದು ಇದೇ ಮೊದಲು. ನಮ್ಮಿಬ್ಬರಿಗೂ ಸಲಿಗೆ ಬಂದದ್ದು ಅವಳು ನನ್ನ ಸೇವೆ ಬಿಟ್ಟ ಮೇಲೆ.

ಪಾವಗಡದವಳು ಬಂದ ಹೊಸತರಲ್ಲಿ ‘ನಿಮ್ಮ ಹೊಲ ಯಾವ ಕಡೇದಕ್ಕಾ’ ಎಂದು ಕೇಳಿದಳು. ಗುರುತು ಹೇಳಿದೆ: ಹುಣಸೆಮರ, ಮುಂದಕ್ಕೆ ಹಳ್ಳ, ಪಕ್ಕದಲ್ಲಿ ಮುನಿಯಪ್ಪನ ಗುಡಿ. ಅವಳು ನನ್ನ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದವಳು ನಿಲ್ಲಿಸಿದಳು. ‘ಆ ಹೊಲದಾಗೆ ನಾನು ಕಳೆ ಕಿತ್ತಿದ್ದೀನಿ’ ಅಂದಳು. ಮದುವೆಯಾಗಿ ಬಂದ ವರ್ಷದಿಂದ ಕಡಲೆಕಾಯಿ ಬಿತ್ತುವುದು, ಕಳೆ, ಕೀಳುವುದು, ಬಿಡಿಸುವುದು, ಎಲ್ಲ ಆ ಸುತ್ತಿನಲ್ಲೇ. ನೆಲವಿದ್ದವರಿಗೆ ಗುತ್ತಿಗೆ ಬಂತು. ಕೂಲಿಯವರಿಗೆ ಕಳೆ ಕೀಳುವುದೂ ಹೋಯಿತು. ಫಲಕಗಳ ಧೂಳು ತೊಳೆಯುವ, ಹುಲ್ಲು ಕೊಯ್ಯುವ ಕೆಲಸ ಕೆಲವರಿಗೆ ಸಿಕ್ಕಿತು, ಇವಳ ಪಾಲಿಗೆ ಬರಲಿಲ್ಲ. ಅದಕ್ಕೇ ಊರು ಬಿಟ್ಟದ್ದು.

ಅಂದರೆ ಅವಳ ಕೂಲಿ ಹೋದದ್ದು ಯಾವ ಬಿಸಿಲಿನಿಂದಲೋ ನನಗೆ ಆಳು ಇಡುವ ಶಕ್ತಿ ಬಂದದ್ದೂ ಅದೇ ಬಿಸಿಲಿನಿಂದ. ಅವಳು ಕಳೆ ಕಿತ್ತ ನೆಲದ ಬಾಡಿಗೆ ನನ್ನ ದಿಂಬಿನ ಕೆಳಗೆ ಬಂದು, ಅಲ್ಲಿಂದ ತಿಂಗಳಿಗೊಮ್ಮೆ ಅವಳ ಕೈಗೇ ಹೋಗುತ್ತಿದೆ. ನಡುವೆ ನಾನೊಬ್ಬಳು ಕೂತು ಎಣಿಸುತ್ತಿದ್ದೇನೆ. ಇದನ್ನು ಅವಳಿಗೆ ಹೇಳಬೇಕೋ ಬೇಡವೋ ಎಂದು ನಾನು ಯೋಚಿಸುತ್ತಿರುವಾಗಲೇ ಅವಳು, ‘ಬಿಡಕ್ಕಾ, ಅಲ್ಲಿ ಬಗ್ಗಿ ಬಗ್ಗಿ ಸೊಂಟ ಹೋಗಿತ್ತು, ಇಲ್ಲಿ ಎತ್ತಿ ಎತ್ತಿ ಹೋಗುತ್ತೆ’ ಎಂದು ಇನ್ನೊಂದು ಕಾಲಿಗೆ ಎಣ್ಣೆ ಸುರಿದುಕೊಂಡಳು.

ಹೊಲದ ಗುತ್ತಿಗೆಯ ಮಾತು ಅವಳ ಮನಸ್ಸಿನಲ್ಲೇ ಕೂತಿತ್ತೆಂದು ಗೊತ್ತಾದದ್ದು ಹೋದ ಒಂದನೇ ತಾರೀಖು. ಎಣಿಸಿಕೊಟ್ಟ ನೋಟನ್ನು ಅವಳು ಸೊಂಟಕ್ಕೆ ಸಿಕ್ಕಿಸಲಿಲ್ಲ. ‘ಅಕ್ಕಾ, ಸೋಲಾರಿನೋರು ಎರಡು ವರ್ಷಕ್ಕೊಂದ್ಸಲ ನಿಮ್ಮ ಹೊಲಕ್ಕೆ ಜಾಸ್ತಿ ಮಾಡ್ತಾರಂತೆ?’ ಅಂದಳು. ಹೌದು ಅಂದೆ. ‘ನಂಗ್ಯಾಕೆ ಮಾಡಲ್ಲ?’ ಅಂದಳು. ಉದ್ಯೋಗ ಖಾತ್ರಿಯ ದಿನಗೂಲಿ 2025-26ಕ್ಕೆ 370 ರೂಪಾಯಿ ಆಗಿತ್ತು ಎಂಬುದನ್ನೂ ಯಾರೋ ಹೇಳಿಕೊಟ್ಟಿದ್ದರು. ನಾನು ಗಣಿತದವಳು, ವಾದ ಕೇಳಿದ ಕೂಡಲೇ ಉತ್ತರ ಕಾಣುತ್ತದೆ. 21,000 ಎರಡು ವರ್ಷಕ್ಕೆ 22,050 ಆಗಬೇಕು, ಅದು ಮತ್ತೆರಡು ವರ್ಷಕ್ಕೆ 23,152 ರೂಪಾಯಿ 50 ಪೈಸೆ. ಸುಮ್ಮನೆ ಬಿದ್ದಿರುವ ನೆಲಕ್ಕೆ ಚಕ್ರಬಡ್ಡಿ, ಎತ್ತಿ ಇಳಿಸುವ ಕೈಗೆ ಅದೇ 7,000. ಅವಳ ಸಮೀಕರಣದಲ್ಲಿ ತಪ್ಪಿರಲಿಲ್ಲ. ಮುಂದಿನ ತಿಂಗಳಿನಿಂದ 500 ಜಾಸ್ತಿ, ವಾರಕ್ಕೊಂದು ರಜೆ, ರಜೆಗೆ ಸಂಬಳ ಹಿಡಿಯುವುದಿಲ್ಲ ಎಂದು ಒಪ್ಪಿಕೊಂಡೆ. ರಜೆಯ ದಿನಕ್ಕೆ ಅತ್ತಿಗೆ ತಾನಾಗಿಯೇ ಹೂಂ ಅಂದಿದ್ದಾಳೆ. ಆ ದಿನದ ನೀರು ಸುಟ್ಟರೆ ಅವಳಿಗೂ ಹೇಳುವುದಾಗಿ ನಾನು ಮೊದಲೇ ಹೇಳಿದ್ದೇನೆ.

ಹೀಗೆ ಸೂರ್ಯನ ಪಾಲು ಏರಿತು, ಆಳಿನ ಸಂಬಳ ಏರಿತು, ಟ್ಯೂಷನ್ ಫೀಜನ್ನೂ ಜೂನಿನಿಂದ ಸ್ವಲ್ಪ ಏರಿಸಿದ್ದೇನೆ, ಬೈದುಕೊಳ್ಳುವವರು ಬೈದುಕೊಳ್ಳಲಿ. ಏರದೆ ಉಳಿದಿರುವುದು 1,400 ಒಂದೇ. ಅದಕ್ಕೆ ವಿಧಾನಸೌಧದಲ್ಲಿ ಬಜೆಟ್ಟು ಬರೆಯುವವರಿಗೆ ಈ ಪಾವಗಡದವಳ ಪರವಾಗಿ ಒಂದು ಅರ್ಜಿ: ಹೊಸ ಯೋಜನೆ ಬೇಡ, ಹೊಸ ಹೆಸರೂ ಬೇಡ. ತಿರುಮಣಿಯಲ್ಲಿ ಸೋಲಾರ್ ಫಲಕದ ಕೆಳಗಿರುವ ನೆಲಕ್ಕೆ ನೀವೇ ಬರೆದುಕೊಟ್ಟಿರುವ ಕರಾರಿನ ಒಂದು ಸಾಲನ್ನು, ಎರಡು ವರ್ಷಕ್ಕೊಮ್ಮೆ ಶೇಕಡಾ 5 ಎಂಬುದನ್ನು, ನಮ್ಮ ಮಾಸಾಶನದ ಆದೇಶಕ್ಕೂ ಸೇರಿಸಿ. ಪಟ್ಟಿಯಲ್ಲಿ ಜಾಗವಿದ್ದರೆ ಪೋಲಿಯೊವನ್ನೂ ಬರೆದುಕೊಳ್ಳಿ, ನಾವಿನ್ನೂ ಇದ್ದೇವೆ.